ಅಮ್ಮ ತಿದ್ದಿದ ಮಾತು

ನಾನು ಬೈದರೆ ಅದು ನಮ್ಮಮ್ಮನ ಬಾಯಲ್ಲಿ ಹೊಗಳಿಕೆಯಾಗಿ ಹೊರಗೆ ಬರುತ್ತದೆ. ನನಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಕೈಯಲ್ಲಿ ಮಾತಾಡುತ್ತೇನೆ. ಕೈಮಾತು ಬಾರದವರ ಎದುರಿಗೆ ಅಮ್ಮ ಪಕ್ಕದಲ್ಲಿ ನಿಂತು ನನ್ನ ಮಾತನ್ನು ಬಾಯಿಂದ ಹೇಳುತ್ತಾಳೆ. ಹೇಳುತ್ತಾಳೆ ಎಂದು ಲೋಕ ನಂಬಿಕೊಂಡಿದೆ. ಬಟ್ಟೆ ಅಂಗಡಿಯಲ್ಲಿ ನಾನು "ಈ ಬಣ್ಣ ನೋಡಿದ್ರೆ ವಾಂತಿ ಬರುತ್ತೆ" ಎಂದರೆ, ಅಮ್ಮ "ಸ್ವಲ್ಪ ತಿಳಿ ಬಣ್ಣದ್ದು ಇದ್ರೆ ತೋರಿಸ್ತೀರಾ" ಎನ್ನುತ್ತಾಳೆ. ಡಾಕ್ಟರಿಗೆ ನಾನು "ಹೋದ ಸಲದ ಔಷಧಿ ದಂಡ" ಎಂದರೆ, "ಪರವಾಗಿಲ್ಲ, ಗುಣ ಕಾಣ್ತಿದೆ" ಎನ್ನುತ್ತಾಳೆ. ಒಂದು ಸಂಗತಿ ಅವಳಿಗೆ ಆಗಾಗ ಮರೆತುಹೋಗುತ್ತದೆ. ನನಗೆ ತುಟಿ ಓದಲು ಬರುತ್ತದೆ, ಅದರಲ್ಲೂ ಅವಳ ತುಟಿ ನನಗೆ ಬಾಯಿಪಾಠ.

ನಮ್ಮ ಶಾಲೆಯಲ್ಲಿ ಈ ನಯನಾಜೂಕು ನಡೆಯುವುದಿಲ್ಲ. ಅಲ್ಲಿರುವವರೆಲ್ಲ ನನ್ನಂತೆ ಕಿವಿ ಕೇಳದವರು. "ನೀನು ದಪ್ಪ ಆಗಿದ್ದೀಯ" ಎಂದರೆ ದಪ್ಪ ಆಗಿದ್ದೀಯ ಎಂದಷ್ಟೇ ಅರ್ಥ, ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಹೆಸರುಗಳೂ ಕೈಯವೇ. ನನ್ನ ಹೆಸರು ಹುಬ್ಬು. ಒಂದು ಹುಬ್ಬನ್ನು ಬೆರಳಿನಿಂದ ಮೇಲೆತ್ತಿ ತೋರಿಸಿದರೆ ಅದು ನಾನು. ಹತ್ತನೇ ಕ್ಲಾಸಿಗೆ ಉದ್ಯೋಗದ ಪಾಠ ಮಾಡುವ ಟೀಚರ್ ಹೆಸರು ಹೆಲ್ಮೆಟ್. ಅವರಿಗೂ ಕಿವಿ ಕೇಳುವುದಿಲ್ಲ. ಸ್ಕೂಟರಿನಲ್ಲಿ ಒಬ್ಬರೇ ಊರೆಲ್ಲ ಸುತ್ತುತ್ತಾರೆ, ಬ್ಯಾಂಕಿಗೆ ಹೋಗಿ ಜಗಳ ಆಡಿಕೊಂಡು ಬರುತ್ತಾರೆ, ಮಾರನೆಯ ದಿನ ಆ ಜಗಳವನ್ನೇ ನಮಗೆ ಪಾಠ ಮಾಡುತ್ತಾರೆ. ಬರೆಯದ ಪೆನ್ನೊಂದನ್ನು ಅಂಗಡಿಗೆ ವಾಪಸ್ ಕೊಟ್ಟು ಬೇರೆ ತರುವುದು ಅವರು ಇಡುವ ಮೊದಲ ಪರೀಕ್ಷೆ. ಅದರಲ್ಲಿ ಅರ್ಧ ಕ್ಲಾಸು ಫೇಲು. ಅಂಗಡಿಯವನು ಸಿಡುಕಿದ ಕೂಡಲೇ ನಮ್ಮವರು ಸುಮ್ಮನೆ ಇನ್ನೊಂದು ಪೆನ್ನು ಕೊಂಡುಕೊಂಡು ಬಂದಿದ್ದರು.

ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಕೆಲಸದ ವಾರ ಇರುತ್ತದೆ. ಹತ್ತನೇ ಕ್ಲಾಸಿನವರು ತಮಗೆ ಬೇಕಾದ ಕೆಲಸ ಆರಿಸಿಕೊಂಡು ಒಂದು ವಾರ ಅಲ್ಲಿಗೆ ಹೋಗಬೇಕು. ಅಲ್ಲಿನವರು ಮೆಚ್ಚಿದರೆ ಪರೀಕ್ಷೆ ಮುಗಿದ ಮೇಲೆ ಅಲ್ಲೇ ಕೆಲಸ ಕಲಿಯಲು ಸೇರಿಕೊಳ್ಳಬಹುದು. ಮೆಚ್ಚದಿದ್ದರೆ ಮನೆ. ನನ್ನ ವಿಷಯದಲ್ಲಿ ಮನೆ ಎಂದರೆ ಅಮ್ಮನ ಪಕ್ಕ, ಅಮ್ಮನ ಬಾಯಿಯ ಕೆಳಗೆ, ಜೀವಮಾನವಿಡೀ.

ನಾನು ಆರಿಸಿಕೊಂಡದ್ದು ಹಲ್ಲು ಕಟ್ಟುವ ಲ್ಯಾಬು. ಕಾರಣ ದೊಡ್ಡಪ್ಪ. ಅವರ ತುಟಿ ಊರಿಗೆಲ್ಲ ಓದಲು ಸಲೀಸಾದ ತುಟಿಯಾಗಿತ್ತು. ಊಟದ ಹೊತ್ತಿಗೆ ಕೂತು ನನಗೆ ಪೇಪರಿನ ಸುದ್ದಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ಹಲ್ಲು ಕಟ್ಟಿಸಿಕೊಂಡು ಬಂದ ದಿನ ಮನೆಮಂದಿಯೆಲ್ಲ ಹತ್ತು ವರ್ಷ ಚಿಕ್ಕವರಾದಿರಿ ಎಂದರು. ನನಗೆ ಮಾತ್ರ ಅವರು ಮೂಗರಾದರು. ಹಲ್ಲಿನ ಸೆಟ್ಟು ಜಾರುತ್ತದೆಂದು ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದರು, ಒಂದಕ್ಷರ ದಕ್ಕುತ್ತಿರಲಿಲ್ಲ. ಅಂದಿನಿಂದ ನಾನು ಕಂಡಕಂಡವರ ಬಾಯಿ ನೋಡತೊಡಗಿದೆ. ಸೋಪಿನ ತುಂಡಿನಲ್ಲಿ ಹಲ್ಲು ಕೆತ್ತಿದೆ, ಮೇಣದಬತ್ತಿಯಲ್ಲಿ ಕೆತ್ತಿದೆ. ಒಳ್ಳೆಯ ಹಲ್ಲು ಮಾಡುವುದು ನನ್ನ ಸ್ವಂತ ಅಗತ್ಯ.

ಅಮ್ಮನಿಗೆ ಇಷ್ಟವಿರಲಿಲ್ಲ. ಲ್ಯಾಬಿನಲ್ಲಿ ಬೆಂಕಿಯಿದೆ, ಮೋಟರಿದೆ, ಬಸ್ಸು ಬದಲಿಸಬೇಕು. ಹೆಲ್ಮೆಟ್ ಟೀಚರ್ ಜಗ್ಗಲಿಲ್ಲ. ಆದರೆ ಶಾಲೆಗಿದ್ದ ಒಬ್ಬನೇ ಒಬ್ಬ ಕೈಮಾತಿನ ಅನುವಾದಕ ಆ ವಾರ ಬೇರೆಯವರ ಜೊತೆ ಹೋಗಿದ್ದ. "ನಾನೇ ಹೋಗ್ತೀನಿ" ಎಂದು ಅಮ್ಮ ಮೊದಲ ದಿನವೇ ಚೀಲ ಹೆಗಲಿಗೇರಿಸಿ ಹೊರಟಳು.

ಲ್ಯಾಬು ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು, ಎಲ್ಲದರ ಮೇಲೂ ಬಿಳಿ ಧೂಳು. ಕಿಟಕಿಯ ಬಳಿ ಒಬ್ಬ ಹೆಂಗಸು ಸಣ್ಣ ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ, ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಿದ್ದಳು. ಅವಳಿಗೆ ಆಗಲೇ ಮನಸ್ಸಿನಲ್ಲಿ ಮೇಣದಕ್ಕ ಎಂದು ಹೆಸರಿಟ್ಟೆ. ಯಜಮಾನರದು ಮಾತ್ರ ಕಷ್ಟದ ಮುಖ. ಅವರ ಮೀಸೆ ಮೇಲ್ತುಟಿಯನ್ನು ಪೂರ್ತಿ ನುಂಗಿಹಾಕಿತ್ತು. ಅವರು ಏನೆಂದರೂ ನನಗೆ ಅಮ್ಮನ ಕೈಯೇ ಗತಿ.

"ಈ ಕೆಲಸಾನೇ ಯಾಕೆ ಅಂತ ಕೇಳ್ತಿದ್ದಾರೆ" ಎಂದಿತು ಅಮ್ಮನ ಕೈ.

ನಾನು ಇದ್ದದ್ದನ್ನೇ ಹೇಳಿದೆ. "ಈ ಊರಲ್ಲಿ ಕಟ್ಟಿಸಿದ ಹಲ್ಲಿನವರ ತುಟಿ ಓದೋಕೇ ಆಗಲ್ಲ. ನಮ್ಮ ದೊಡ್ಡಪ್ಪನ ಸೆಟ್ಟು ನಿಮ್ಮಲ್ಲೇ ಆಗಿದ್ದು. ಅದು ಸರಿಯಿಲ್ಲ. ನಾನು ಸರಿಯಾಗಿ ಮಾಡೋದು ಕಲೀಬೇಕು."

ಅಮ್ಮ ಯಜಮಾನರ ಕಡೆ ತಿರುಗಿದಳು. ಅವಳ ತುಟಿ ಹೇಳಿದ್ದು ಇಷ್ಟು: "ಅವಳಿಗೆ ನಿಮ್ಮ ಕೆಲಸದ ಮೇಲೆ ತುಂಬಾ ಗೌರವ ಸಾರ್. ಚಿಕ್ಕಂದಿನಿಂದ ಆಸೆ."

ಯಜಮಾನರು ತಲೆದೂಗಿದರು. ನನ್ನ ಕೈಗೆ ಒಂದು ಬಕೆಟ್ಟು, ಒಂದು ಬ್ರಷ್ಷು, ಪ್ಲಾಸ್ಟರ್ ಮೆತ್ತಿದ ಡಬ್ಬಿಗಳ ಒಂದು ರಾಶಿ ಬಂತು. ಮೊದಲ ದಿನ ತಾನೇ ಎಂದು ಬಾಯಿಮುಚ್ಚಿಕೊಂಡು ತೊಳೆದೆ. ಎರಡನೆಯ ದಿನವೂ ಡಬ್ಬಿಯೇ. ಅಮ್ಮ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ನನ್ನನ್ನು ಕಾಯುತ್ತಿದ್ದಳು. ಮಧ್ಯಾಹ್ನ ಮೇಣದಕ್ಕ ನನ್ನನ್ನು ಕೈಬೀಸಿ ಕರೆದು, ಒಂದು ಮೇಣದ ಚಾಕನ್ನು ಮುಂದೆ ಹಿಡಿದಳು. ನಾನು ಅಂಗಿಗೇ ಕೈ ಒರೆಸಿಕೊಂಡು ಓಡಿದೆ. ಅಷ್ಟರಲ್ಲಿ ಅಮ್ಮ ಸ್ಟೂಲಿನಿಂದ ಎದ್ದಿದ್ದಳು. ನಾನು ಅವಳ ಬಾಯಿ ನೋಡಿದೆ.

"ಅವಳಿಗೆ ಬೆಂಕಿ ಅಂದ್ರೆ ಭಯ ಕಣಮ್ಮ. ಯಜಮಾನರಿಗೆ ಮೊದಲೇ ಹೇಳಿದ್ದೀನಿ. ತೊಳೆಯೋ ಕೆಲಸಾನೇ ಸಾಕು ಅಂದಿದ್ದಾಳೆ."

ಸಾಕು ಅಂದಿದ್ದಾಳಂತೆ. ನನ್ನ ಪಿತ್ತ ನೆತ್ತಿಗೇರಿತು. ಮೇಣದಕ್ಕ ಪಾಪ ಎಂಬಂತೆ ನನ್ನನ್ನು ನೋಡಿ ಚಾಕನ್ನು ಹಿಂದಕ್ಕೆ ತೆಗೆದುಕೊಂಡಳು.

ಅಂದು ಸಂಜೆ ಅಡುಗೆಮನೆಯಲ್ಲಿ ನಮ್ಮ ಜಗಳ ಜೋರಾಯಿತು. ನಮ್ಮ ಜಗಳದಲ್ಲಿ ಸದ್ದಿಲ್ಲ, ಗಾಳಿ ಬಹಳ.

"ನಾನು ಹೇಳದೇ ಇದ್ದದ್ದನ್ನ ಯಾಕೆ ಹೇಳ್ದೆ?"

"ನೀನು ಹೇಳಿದ್ದನ್ನ ಹಾಗೇ ಹೇಳಿದ್ರೆ ಅವತ್ತೇ ಓಡಿಸ್ತಿದ್ರು. ನಿನ್ನ ಮಾತು ಒರಟು ಕಣೇ. ಜನ ಏನಂದ್ಕೋತಾರೆ?"

"ಒರಟಾದ್ರೆ ಒರಟಾಗೇ ಹೋಗಲಿ. ಓಡಿಸಿದ್ರೆ ನನ್ನನ್ನ ಓಡಿಸಲಿ. ಈಗ ಅವರು ಇಟ್ಕೊಂಡಿರೋದು ನನ್ನನ್ನಲ್ಲ, ನೀನು ಮಾಡಿದ ಇನ್ಯಾರನ್ನೋ."

"ಕೈಮಾತು ಕಲಿಯೋಕೆ ನಾನೆಷ್ಟು ಒದ್ದಾಡಿದ್ದೀನಿ ಗೊತ್ತಾ ನಿನಗೆ? ಇಡೀ ಮನೇಲಿ ಕಲಿತವಳು ನಾನೊಬ್ಬಳೇ."

ಅದು ನಿಜ. ದೊಡ್ಡಪ್ಪನೂ ಕಲಿತಿಲ್ಲ, ಅಪ್ಪನಿಗೆ ಊಟ, ನೀರು, ಸ್ಕೂಲು ಬಿಟ್ಟರೆ ಇನ್ನೇನೂ ಬರುವುದಿಲ್ಲ. ಆದರೂ, "ಕಲ್ತಿದ್ದೀಯಲ್ಲ, ಹಾಗಾದ್ರೆ ಸರಿಯಾಗಿ ಹೇಳು" ಎಂದೆ. ಅಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡುಬಿಟ್ಟಳು. ನಮ್ಮ ಮನೆಯಲ್ಲಿ ಜಗಳ ಗೆಲ್ಲುವ ವಿಧಾನ ಅದು. ಕಣ್ಣು ಮುಚ್ಚಿದವರ ಎದುರು ನಾನು ಎಷ್ಟು ಕೈ ಆಡಿಸಿದರೂ ಗೋಡೆಗೆ ಹೇಳಿದ ಹಾಗೆ. ನನಗೆ ಅಳು ಬಂತು. ಅತ್ತದ್ದು ಅವಳಿಗೆ ಕಾಣಲಿಲ್ಲ ಎಂದು ಇನ್ನೂ ಸಿಟ್ಟು ಬಂತು.

ಮಾರನೆಯ ದಿನ ಲ್ಯಾಬಿಗೆ ಹೋದವಳು ಬಕೆಟ್ಟು ಮುಟ್ಟಲಿಲ್ಲ. ಯಜಮಾನರ ಮೇಜಿನ ಮುಂದೆ ನಿಂತು ಮರದ ನೆಲಕ್ಕೆ ಕಾಲು ಅಪ್ಪಳಿಸಿದೆ. ನಾವು ಶಾಲೆಯಲ್ಲಿ ಹಾಗೆಯೇ ಕರೆಯುವುದು. ಪ್ಲಾಸ್ಟರಿನ ದವಡೆಗಳು ಅಲುಗಾಡಿದವು, ಮೋಟರು ನಿಂತಿತು, ಎಲ್ಲರ ತಲೆ ನನ್ನ ಕಡೆ ತಿರುಗಿತು. ನಾನು ಅಮ್ಮನಿಗೆ ಹೇಳಿದೆ: "ಈಗ ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು. ಒಂದು ಮಾತು ತಿದ್ದಿದ್ರೂ ನನಗೆ ಗೊತ್ತಾಗುತ್ತೆ. ನಿನ್ನ ತುಟಿ ನೋಡ್ತಿರ್ತೀನಿ."

ಅಮ್ಮ ಸ್ಟೂಲಿನಿಂದ ಏಳಲಿಲ್ಲ. ಕಣ್ಣು ಮುಚ್ಚುತ್ತಾಳೇನೋ ಎಂದು ನಾನು ಹಲ್ಲು ಕಚ್ಚಿಕೊಂಡು ಕಾದೆ. ಮುಚ್ಚಲಿಲ್ಲ. ಎದ್ದು ಬಂದು ನನ್ನ ಪಕ್ಕ ನಿಂತಳು.

"ನನಗೆ ಬೆಂಕಿ ಭಯ ಇಲ್ಲ" ಎಂದೆ. ಅಮ್ಮನ ತುಟಿ, "ನನಗೆ ಬೆಂಕಿ ಭಯ ಇಲ್ಲ" ಎಂದಿತು. "ಹಾಗಂತ ಹೇಳಿದ್ದು ಅಮ್ಮ, ನಾನಲ್ಲ." ಅವಳು ಹಾಗೆಯೇ ಹೇಳಿದಳು. "ನೀವು ಕಟ್ಟಿದ ಹಲ್ಲಿನಿಂದ ನಮ್ಮ ದೊಡ್ಡಪ್ಪನ ಮಾತು ನನಗೆ ಸಿಗದ ಹಾಗಾಯ್ತು. ಅವರು ಬಸ್ ಡಿಪೋದ ಲೆಕ್ಕಿಗರು, ಉದ್ದ ಮುಖ, ನಿಮಗೆ ನೆನಪಿರಬೇಕು. ಆ ಸೆಟ್ಟು ಕೆಟ್ಟದಾಗಿದೆ." ಅದನ್ನೂ ಹೇಳಿದಳು. ಕಿವಿಯವರೆಗೂ ಕೆಂಪಾಗಿದ್ದಳು.

ಯಜಮಾನರ ಮೀಸೆ ಬಿರುಸಾಗಿ ಅಲ್ಲಾಡತೊಡಗಿತು. ನಾನು ಅಮ್ಮನ ಕೈ ನೋಡಿದೆ. ಅವಳ ಕೈ ಹಿಂಜರಿಯಿತು, ಆಮೇಲೆ ಬಡಬಡನೆ ಆಡಿತು. "ಸಿಟ್ಟು ಬಂದಿದೆ ಅವರಿಗೆ. ಅಹಂಕಾರದ ಹುಡುಗಿ ಅಂತಿದ್ದಾರೆ. ಬಾಯಿಗೆ ಬಂದ ಹಾಗೆ ಮಾತಾಡ್ತಾಳೆ ಅಂತಿದ್ದಾರೆ. ಆ ಸೆಟ್ಟು ಮತ್ತೆ ಮತ್ತೆ ವಾಪಸ್ ಬಂದಿತ್ತಂತೆ. ನಿಮ್ಮ ದೊಡ್ಡಪ್ಪ ಕೆಳಗಿನ ಸೆಟ್ಟನ್ನ ಹಾಕ್ಕೊಳ್ಳೋದೇ ಇಲ್ಲ, ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ, ಅದಕ್ಕೆ ಮೇಲಿನದು ಜಾರುತ್ತೆ ಅಂತ ಬೈತಿದ್ದಾರೆ."

ಜೇಬಿನ ವಿಷಯ ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪನ ಮೇಲೂ ಸಿಟ್ಟು ಬಂತು. ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಹೊರಗಿನವರೊಬ್ಬರು ನನ್ನನ್ನು ಬೈದ ಬೈಗುಳ ಪೂರ್ತಿಯಾಗಿ ನನ್ನ ಕೈಗೆ ಸಿಕ್ಕಿದ್ದು ಅದೇ ಮೊದಲು. ಇಷ್ಟು ವರ್ಷ ಎಷ್ಟು ಜನ ಬೈದಿದ್ದರೋ, ಅಮ್ಮ ಎಲ್ಲವನ್ನೂ ನಡುದಾರಿಯಲ್ಲೇ ನುಂಗಿಕೊಂಡಿದ್ದಳು.

"ಹಾಗಿದ್ರೆ ಅವರು ಜೇಬಿಂದ ಬಾಯಿಗೆ ಹಾಕ್ಕೊಳ್ಳೋ ಅಂಥ ಸೆಟ್ಟು ಮಾಡೋದು ಕಲಿಸಿ" ಎಂದೆ. "ಡಬ್ಬಿಗಳನ್ನೂ ತೊಳೀತೀನಿ. ಮೇಣದ ಕೆಲಸಾನೂ ಬೇಕು. ಬರಲ್ಲ ಅನ್ನಿಸಿದ್ರೆ ವಾರ ಮುಗಿದ ಮೇಲೆ ನೀವೇ ಬೇಡ ಅನ್ನಿ."

ಅಮ್ಮ ಹೇಳಿದಳು. ಯಜಮಾನರು ನನ್ನನ್ನು ನೋಡಿದರು, ಮೇಣದಕ್ಕನನ್ನು ನೋಡಿದರು. ಮೇಣದಕ್ಕ ತುಟಿಯಂಚಿನಲ್ಲಿ ನಗುತ್ತಿದ್ದಳು. ಕೊನೆಗೆ ಅವರು ಅಮ್ಮನಿಗೆ ಏನೋ ಅಂದರು.

"ಆಗಲಿ ಅಂತಿದ್ದಾರೆ" ಎಂದಿತು ಅಮ್ಮನ ಕೈ. ಅವಳ ಮುಖ ಸ್ವಲ್ಪ ಅರಳಿತ್ತು. "ಇವತ್ತಿಂದಲೇ ಮೇಣಕ್ಕೆ ಕೂರಿಸ್ತಾರಂತೆ. ಆದರೆ ನಾನು ಪಕ್ಕದಲ್ಲೇ ಇರಬೇಕಂತೆ. ಅಮ್ಮ ಇದ್ದರೆ ನಮಗೂ ಧೈರ್ಯ ಅಂತಿದ್ದಾರೆ."

ಅಲ್ಲಿಗೆ ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಬೇಕಾದ ಕೆಲಸ ಸಿಕ್ಕಿತ್ತು, ಅಮ್ಮ ಸಹ ಅವತ್ತು ಸಾಕಷ್ಟು ನುಂಗಿಕೊಂಡಿದ್ದಳು. ಆದರೆ ಇಂದು ಒಪ್ಪಿದರೆ ಪರೀಕ್ಷೆ ಮುಗಿದ ಮೇಲೂ ಆ ಸ್ಟೂಲು ಬಾಗಿಲಲ್ಲೇ ಇರುತ್ತದೆ. ನಾನು ಮುದುಕಿಯಾದರೂ ಇರುತ್ತದೆ.

"ನಾಳೆಯಿಂದ ನಮ್ಮಮ್ಮ ಬರೋದು ಬೇಡ" ಎಂದೆ. "ಏನಾದ್ರೂ ಹೇಳಬೇಕಾದ್ರೆ ತೋರಿಸಿ ಹೇಳಿ, ಬರೆದು ಹೇಳಿ. ಇಲ್ಲಾಂದ್ರೆ ಮೀಸೆ ಕತ್ತರಿಸಿಕೊಳ್ಳಿ."

ಅಮ್ಮ ನನ್ನನ್ನೇ ನೋಡುತ್ತ ನಿಂತಳು. ನಾನೂ ಕಣ್ಣು ಕೆಳಗಿಳಿಸಲಿಲ್ಲ. ಅವಳು ಬೇಕಿದ್ದರೆ ಬೇರೆ ಏನನ್ನಾದರೂ ಹೇಳಬಹುದಿತ್ತು. ಅಲ್ಲಿದ್ದವರಿಗೆ ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಆಮೇಲೆ ಅವಳು ಯಜಮಾನರ ಕಡೆ ತಿರುಗಿದಳು. ನನಗೆ ತುಟಿ ಕಾಣಲೆಂದು ಮುಖವನ್ನು ಸ್ವಲ್ಪ ನನ್ನ ಕಡೆಗೂ ಹೊರಳಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ನಾಳೆಯಿಂದ ನಮ್ಮಮ್ಮ ಬರೋದು ಬೇಡ." ಮೀಸೆಯ ಮಾತನ್ನೂ ಬಿಡಲಿಲ್ಲ. ಮೇಣದಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

ಯಜಮಾನರಿಗೆ ಗಲಿಬಿಲಿಯಾದಂತಿತ್ತು. ಅವರ ಗದ್ದ ಪ್ರಶ್ನೆಯಂತೆ ಮೇಲೆದ್ದಿತು. ಯಾರು ಬರೋದು ಬೇಡ ಎಂದು ಕೇಳಿರಬೇಕು.

ಅಮ್ಮ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. "ನಾನು" ಎಂದಳು. ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.