ಸೇಠ ತಂದ ಮಣ್ಣು

ಒಂದು ವಾರದಿಂದ ನಾವು ಮೂವರು ಹೆಂಗಸರು ಬೀದರದ ಚೌಬಾರಾ ಹತ್ತಿರ ಗಾಜಿನ ಡಬ್ಬಿಯೊಳಗೆ ಕೂತಿದ್ದೆವು. ಪ್ರೇಮಿಗಳ ವಾರ. ಭಾಲ್ಕಿ, ಔರಾದದಿಂದ ಬಸ್ಸು ತುಂಬಿ ಜೋಡಿಗಳು ಬರುತ್ತಿದ್ದವು. ಕೈಯಲ್ಲಿ ಗುಲಾಬಿ, ಬಾಯಲ್ಲಿ ಕುಲ್ಫಿ. ರಸ್ತೆಯ ಮೇಲೇ ಬಿದರಿ ಕೆಲಸ ಮಾಡಿ ತೋರಿಸಿದರೆ ಗಿರಾಕಿ ಹೆಚ್ಚುತ್ತದೆಂದು ಅಮಿತಕುಮಾರ ಸೇಠ ಈ ಗಾಜಿನ ಅಂಗಡಿ ಹಾಕಿಸಿದ್ದ. ಒಳಗೆ ಫ್ಯಾನಿಲ್ಲ. ಪಾಯಖಾನೆ ಇಲ್ಲ. ಅದಕ್ಕೇ ನಾವು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಹೊರಗಿನವರು ಗಾಜು ಬಡಿದು, ‘ಇಕಡಿ ನೋಡ್ರಿ, ಸ್ವಲ್ಪ ನಗ್ರಿ’ ಎಂದು ಫೋಟೊ ತೆಗೆಯುತ್ತಿದ್ದರು. ಮಂಗ ಆಡಿಸುವವನ ಮಂಗಕ್ಕೆ ಶೇಂಗಾನಾದರೂ ಸಿಗುತ್ತದೆ.

ನಾನು ಸುಜಾತಾ, ಭಾತಂಬ್ರಾದವಳು. ನಾನು, ರಹೀಮುನ್ನಿಸಾ ಬೆಳ್ಳಿ ತಂತಿ ಕೂರಿಸುವವರು. ಮೂರನೆಯವಳು ನಮಗೆ ಕೆಲಸ ಕಲಿಸಿದ ವಜೀರಬೀ. ಆ ವಾರ ಮಾರುತ್ತಿದ್ದ ಹೃದಯದ ಪದಕ, ಅದರೊಳಗಿನ ಬಳ್ಳಿ, ಎಲ್ಲ ಅವಳ ಕೈಯದು. ಅವಳಿಗೆ ಒಂದೇ ಆಸೆ: ಸರಕಾರದ ಕುಶಲಕರ್ಮಿ ಕಾರ್ಡು. ಅದಿದ್ದರೆ ಮೇಳದಲ್ಲಿ ತನ್ನ ಹೆಸರಿನಲ್ಲೇ ಅಂಗಡಿ ಹಾಕಬಹುದು, ಸೇಠನ ಹಂಗಿಲ್ಲ.

ಹದಿನಾಲ್ಕನೇ ತಾರೀಖು ಮಧ್ಯಾಹ್ನ ಕಾರ್ಡು ಕೊಡುವ ಸಾಹೇಬರು ಬಂದರು. ಸೇಠ ಹೆಂಡತಿ ಶಿವಕಾಂತಾಳನ್ನು ಮುಂದೆ ನಿಲ್ಲಿಸಿದ.

‘ನಮ್ಮ ಮನಿಯವ್ರೇ ಕಾರಿಗಾರ್ರು ರೀ ಸಾಹೇಬ್ರ. ಡಿಜೈನ್ ಎಲ್ಲಾ ಇವರದೇ. ಕಾರ್ಡು ಇವರ ಹೆಸರಿಗಿ ಮಾಡ್ರಿ.’

‘ಮತ್ತ ಈ ಮುದುಕಿ?’

‘ಹೆಲ್ಪರ್ ರೀ. ಕಸಾ ಹೊಡೀತಾಳ.’

ವಜೀರಬೀಯ ಕೈಯಲ್ಲಿನ ಉಳಿ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು.

‘ಒಂದು ಪದಕ ಕರಿ ಮಾಡಿ ತೋರಸ್ರಿ ಮೇಡಂ, ಫೋಟೊ ಬೇಕು’ ಅಂದರು ಸಾಹೇಬರು.

ಬಿದರಿಗೆ ಕಪ್ಪು ಬರುವುದು ಕಿಲ್ಲೆಯ ಮಣ್ಣಿನಿಂದ. ಬಿಸಿಲು, ಮಳೆ ಕಾಣದ ಮೂಲೆಯ ಮಣ್ಣೇ ಆಗಬೇಕು. ನಾಲಿಗೆಯ ಮೇಲಿಟ್ಟು ರುಚಿ ನೋಡಿಯೇ ಆರಿಸಬೇಕು. ಅದು ವಜೀರಬೀಗೆ ಗೊತ್ತು. ಸೇಠನಿಗೆ ಮಣ್ಣೆಂದರೆ ಮಣ್ಣು. ಮೊನ್ನೆ ಅಷ್ಟೂರ ರಸ್ತೆಯಿಂದ ಒಂದು ಚೀಲ ತುಂಬಿಸಿ ತಂದು, ‘ಇದೂ ಮಣ್ಣೇ ಅಲ್ಲೇನು?’ ಅಂದಿದ್ದ. ಆ ಚೀಲ ಹಾಗೇ ಬಿದ್ದಿತ್ತು.

‘ವಜೀರಬೀ, ಮಣ್ಣು ಕೊಡು’ ಅಂದ ಸೇಠ.

ಅವಳು ಎದ್ದು ಸೇಠನ ಚೀಲದಿಂದಲೇ ಎರಡು ಮುಷ್ಟಿ ತೆಗೆದು, ನವಸಾಗರದ ಉಪ್ಪು ಹಾಕಿ ಕುದಿಸುತ್ತಿದ್ದ ನೀರಿಗೆ ಸುರಿದಳು. ನಾನು ನೋಡಿದೆ. ರಹೀಮುನ್ನಿಸಾಳೂ ನೋಡಿದಳು. ಇಬ್ಬರೂ ತಲೆ ತಗ್ಗಿಸಿ ಮತ್ತೆ ತಂತಿಗೆ ಕೈ ಹಾಕಿದೆವು.

ಶಿವಕಾಂತಾ ಪದಕ ಅದ್ದಿ ತೆಗೆದಳು. ಬೂದಿ ಬಣ್ಣ. ಮತ್ತೆ ಅದ್ದಿದಳು. ಅದೇ ಬೂದಿ. ಬೆಳ್ಳಿಯ ಬಳ್ಳಿ ಕಾಣಿಸಲೇ ಇಲ್ಲ. ಹೊರಗೆ ಜನ ಮುಕುರಿಕೊಂಡರು. ಔರಾದದ ಹುಡುಗಿಯೊಬ್ಬಳು ಮೊಬೈಲ್ ಎತ್ತಿ ಹಿಡಿದು, ‘ಕಾರಿಗಾರ್ರಿಗೇ ಕರಿ ಮಾಡ್ಲಿಕ್ಕ ಬರಂಗಿಲ್ಲಲ್ರಿ!’ ಎಂದು ನಕ್ಕಳು.

ಸೇಠ ಬೆವತ. ‘ವಜೀರಬೀ, ಲಗೂ ನೀನೇ ಮಾಡು. ಇಷ್ಟು ಮಂದಿ ಮುಂದ ಮರ್ಯಾದಿ ಕಳೀಬ್ಯಾಡ.’

‘ನಾ ಹ್ಯಾಂಗ ಮಾಡ್ಲಿ ಸೇಠಜಿ? ಕಸಾ ಹೊಡಿಯೋಳಿಗಿ ಏನ್ ತಿಳೀತದ?’

ಸಾಹೇಬರು ಫೈಲು ಮಡಚಿದರು. ‘ಖರೇ ಯಾರು ಮಾಡ್ತಾರಂತ ಆಫೀಸಿನ್ಯಾಗ ನೋಡೋಣ.’

‘ಆಫೀಸಿಗಿ ಯಾಕ ಸಾಹೇಬ್ರ? ಇಲ್ಲೇ ಬರೀರಿ, ವಜೀರಬೀ ಅಂತ. ಇಷ್ಟು ಮಂದಿ ಸಾಕ್ಷಿ ಅದಾರ’ ಅಂದೆ ನಾನು.

ಅವರು ಬರೆಯಲಿಲ್ಲ. ಸೇಠನ ಮನೆಯಲ್ಲಿ ಉಂಡ ಋಣ ತೀರಿಸಬೇಕಲ್ಲ! ಜೀಪು ಹತ್ತಿ ಹೋದರು.

ಸಂಜೆಯೊಳಗೆ ಇನ್ನೂ ಎಂಬತ್ತು ಪದಕ ಕಪ್ಪಾಗಬೇಕಿತ್ತು. ಜೋಡಿಗಳು ಹೆಸರು ಕೆತ್ತಿಸಿ ಕಾಯುತ್ತಿದ್ದವು. ವಜೀರಬೀ ತಾನು ಆರಿಸಿ ತಂದ ಮಣ್ಣಿನ ಗಡಿಗೆ ಸೊಂಟಕ್ಕಿಟ್ಟುಕೊಂಡು ರಸ್ತೆಗಿಳಿದಳು. ನಾವಿಬ್ಬರೂ ಎದ್ದೆವು.

‘ವಜೀರಬೀ ಅವ್ರ! ನಿಂದರ್ರಿ! ಕಾರ್ಡು ಮಾಡಸ್ತೇನ್ರಿ!’ ಸೇಠ ಕೂಗಿದ. ಅವನಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ವಜೀರಬೀಗೆ ಅವನ ಬಾಯಿಂದ ಬಂದ ಮೊದಲ ‘ರಿ’ ಅದು.

‘ಹೊಳ್ಳಿ ನೋಡಬ್ಯಾಡ್ರಿ, ನಡೀರಿ’ ಅಂದಳು ವಜೀರಬೀ.

ನಾನು ನೋಡಿದೆ. ಅವನ ಮುಖ ನನಗೆ ನೋಡಲೇಬೇಕಿತ್ತು. ನೋಡಿದೆ, ಹೊಟ್ಟೆ ತಣ್ಣಗಾಯಿತು.