ಅಬ್ಬಾನ ಪೆಟ್ಟಿಗೆ

"ಮನಿಯಾಗ ಕರೆಂಟ್ ಇಲ್ಲೇನು? ನನ್ನ ಆಟೋದ ಬ್ಯಾಟರಿನ ಬೇಕೇನು ನಿನಗ?" ಮೊಹಸಿನ ಆಟೋದ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಕೇಳಿದ.

"ಕರೆಂಟ್ ಐತಿ. ನಡುವ ಹೋದ್ರ ಏನ್ ಮಾಡೂದು?" ತಂಗಿ ತಸ್ಲೀಮ ಹಿಂದಿನ ಸೀಟಿನ ಮೇಲೆ ಚಾದರ ಹಾಸುತ್ತ ಹೇಳಿದಳು. "ಬೆಟಗೇರಿ ಕರೆಂಟನ್ನ ನಾ ನಂಬಂಗಿಲ್ಲ. ನಿನ್ನ ಬ್ಯಾಟರಿ ನಂಬತೀನಿ. ಮೊನ್ನೆರ ಹೊಸಾದು ಹಾಕ್ಸೀಯಲ್ಲ."

ಹೊಗಳಿದ್ದೋ ಕೆಣಕಿದ್ದೋ ತಿಳಿಯದೆ ಮೊಹಸಿನ ಬಾಗಿಲ ಕಡೆ ನೋಡಿದ. ಹೊಸ್ತಿಲ ಮೇಲೆ ಅಪ್ಪ ಮೌಲಾಸಾಬ ಕುಳಿತಿದ್ದ. ಕುತ್ತಿಗೆಗೆ ಬಿಳಿ ಅರಿವೆ, ತೊಡೆಯ ಮೇಲೆ ಬುತ್ತಿ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ.

ಮೌಲಾಸಾಬ ಮಗ್ಗದ ಕುಣಿಯಲ್ಲಿ ಕುಳಿತು ಲಾಳಿ ಎಸೆಯುತ್ತಲೇ ಇಡೀ ಓಣಿಯನ್ನು ಮಾತಾಡಿಸುತ್ತಿದ್ದ ಮನುಷ್ಯ. ಹಿಂದಿನ ವರ್ಷ ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಅವನಿಗೆ ಬರೆಯಲು ಬರುತ್ತಿತ್ತು. ಆದರೆ ಹಗಲೆಲ್ಲ ಮನೆಯಲ್ಲಿ ಅವನ ಜೊತೆಗಿರುತ್ತಿದ್ದವಳು ಹೆಂಡತಿ ಸಾಬೀರಾ. ಅವಳಿಗೆ ಓದಲು ಬರುತ್ತಿರಲಿಲ್ಲ. ಪಾಟಿಯ ಮೇಲೆ ಅವನು ಬರೆದದ್ದನ್ನು ಹಿಂದೆ ಮುಂದೆ ತಿರುವಿ ನೋಡಿ, "ಹುಡುಗ್ರು ಬರಲಿ ತಡೀರಿ" ಎನ್ನುತ್ತಿದ್ದಳು. ಅವರು ಬರುವಷ್ಟರಲ್ಲಿ ಅವನಿಗೆ ಹೇಳುವ ಉಮೇದೇ ಇಳಿದುಹೋಗಿರುತ್ತಿತ್ತು.

ತಸ್ಲೀಮ ಡಿಪ್ಲೊಮಾ ಮುಗಿಸಿ ಗದಗದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾರೋ ಬಿಟ್ಟುಹೋದ ಈ ಕಪ್ಪು ಪೆಟ್ಟಿಗೆಯನ್ನು, ಅಂದರೆ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರನ್ನು, ಮಾಲಕರನ್ನು ಕೇಳಿ ತಂದಳು. ಅದಕ್ಕೆ ಏಳೆಂಟು ದಪ್ಪ ಗುಂಡಿ ಕೂಡಿಸಿ, ಒಂದೊಂದಕ್ಕೂ ಅಣ್ಣನ ದನಿಯಲ್ಲಿ ಒಂದೊಂದು ಮಾತು ತುಂಬಿದಳು. ನೀರು ಬೇಕು. ಚಹಾ ಮಾಡು. ಹೂಂ. ಒಲ್ಲೆ. ಗಂಡನ ಕೈ ಗುಂಡಿ ಒತ್ತಿದಾಗ ಮಗನ ದನಿ ಚಹಾ ಕೇಳುವುದು ಸಾಬೀರಾಳಿಗೆ ಮೊದಮೊದಲು ನಗೆಯ ಮಾತಾಗಿತ್ತು. ಆಮೇಲೆ ಅದೂ ರೂಢಿಯಾಯಿತು.

ಆದರೆ ಮನುಷ್ಯನ ಮಾತು ಏಳೆಂಟು ಗುಂಡಿಗೆ ಮುಗಿಯುತ್ತದೆಯೇ? ಗಂಡನ ಮಗ್ಗಕ್ಕೆ ಈಗ ಸಾಬೀರಾ ಕೂಡುತ್ತಿದ್ದಳು. ಹೋದ ವಾರ ಒಂದು ದಿನ ಮೌಲಾಸಾಬ ಹತ್ತಿರ ಬಂದು, ಅವಳು ನೇಯ್ದ ಸೀರೆಯ ದಡಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸಿದ. ತಪ್ಪಿದೆ ಎಂದುಕೊಂಡು ಅವಳು ಬಿಚ್ಚತೊಡಗಿದಳು. ಅವನು ಎರಡೂ ಕೈ ಬೀಸಿದ. ಇನ್ನೂ ಬಿಚ್ಚು ಎಂದನೆಂದು ಅವಳು ಇನ್ನಷ್ಟು ಬಿಚ್ಚಿದಳು. ಅವನು 'ಒಲ್ಲೆ' ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ. ತಸ್ಲೀಮ ಕೆಲಸದಿಂದ ಮನೆಗೆ ಬಂದಾಗ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಮ್ಮ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಅಳುತ್ತಿದ್ದಳು. "ನಾ ನೇಯ್ದಿದ್ದು ಅವ್ರ ಮನಸ್ಸಿಗೆ ಬರಾಂಗಿಲ್ಲ ನೋಡವಾ. ಇನ್ನ ಮ್ಯಾಲೆ ನಾ ಮಗ್ಗ ಮುಟ್ಟಂಗಿಲ್ಲ." ಏನಾಗಿತ್ತೆಂದು ತಸ್ಲೀಮ ಪಾಟಿ ಹಿಡಿದು ಕೇಳಿದರೆ, ಮೌಲಾಸಾಬ ಪಾಟಿಯನ್ನೇ ಆಚೆ ತಳ್ಳಿದ.

ಅಪ್ಪ ಬರೆದದ್ದು ಅಮ್ಮನ ಕಿವಿಗೆ ಬೀಳಬೇಕೆಂದು ಆವತ್ತೇ ಅವಳು ನಿರ್ಧಾರ ಮಾಡಿದ್ದಳು. ಕನ್ನಡದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮು ಸಿಕ್ಕಿತ್ತು. ಅದಕ್ಕೆ ಹೊಸ ಲಿನಕ್ಸ್, ಅಂದರೆ ಪೆಟ್ಟಿಗೆಯನ್ನು ನಡೆಸುವ ಮೂಲ ಪ್ರೋಗ್ರಾಮು, ಬೇಕು. ಹೊಸ ಲಿನಕ್ಸನ್ನು ಎಬ್ಬಿಸುವುದು ಪೆಟ್ಟಿಗೆಯ ಹಳೆಯ ಬೂಟ್‌ಲೋಡರಿನಿಂದ ಆಗದು. ಮೊದಲು ಅದನ್ನೇ ಬದಲಿಸಬೇಕು.

"ಬೂಟ್‌ಲೋಡರ್ ಅಂದ್ರ?" ಕೀಲಿಯನ್ನು ಇನ್ನೂ ಕೊಡದೆ ಮೊಹಸಿನ ಕೇಳಿದ.

"ನಮ್ಮನಿಯಾಗ ಅಮ್ಮ ಮೊದಲ ಎದ್ದು ಎಲ್ಲಾರನ್ನೂ ಎಬ್ಬಸ್ತಾಳಲ್ಲ, ಹಂಗ. ಪೆಟಿಗ್ಯಾಗ ಮೊದಲ ಏಳೂದು ಅದು."

"ಅದ ಏಳದಿದ್ರ?"

"ಯಾರೂ ಏಳಂಗಿಲ್ಲ. ಅದನ್ನ ಬರಿಯೂವಾಗ ಕರೆಂಟ್ ಹೋತಂದ್ರ ಪೆಟಿಗಿ ಕಲ್ಲಾಗತೈತಿ. ಅದಕ್ಕ ನಿನ್ನ ಬ್ಯಾಟರಿ."

"ನೋಡು, ನೀನ ಹೇಳಾಕತ್ತಿ. ಅಬ್ಬಾ ಈಗ ನೀರಾದ್ರೂ ಕೇಳ್ತಾರ. ನಾಳೆ ಅದೂ ಇಲ್ಲದಂಗ ಆದ್ರ ಯಾರು ಜವಾಬ್ದಾರಿ? ನಡಿಯೂದನ್ನ ಯಾಕ ಮುಟ್ಟಬೇಕ?"

"ನಾ ಜವಾಬ್ದಾರಿ," ಎಂದಳು ತಸ್ಲೀಮ. ಅಂಗಡಿಯಲ್ಲಿ ಇಂಥದೇ ಇನ್ನೊಂದು ಪೆಟ್ಟಿಗೆಯ ಮೇಲೆ ಅವಳು ಕೈ ಪಳಗಿಸಿಕೊಂಡಿದ್ದಳು. ಅವಳ ದನಿಯಲ್ಲಿ ಅಳುಕಿರಲಿಲ್ಲ.

ಅಣ್ಣ ಮತ್ತೇನೋ ಹೇಳಬೇಕೆನ್ನುವಷ್ಟರಲ್ಲಿ ಹೊಸ್ತಿಲಿನಿಂದ ಅವನದೇ ದನಿ ಕೇಳಿಸಿತು. "ಹೂಂ." ಮೌಲಾಸಾಬ ಮತ್ತೊಮ್ಮೆ ಗುಂಡಿ ಒತ್ತಿದ. "ಹೂಂ." ಆಮೇಲೆ ತಾನೇ ಗೋಡೆಯ ಪ್ಲಗ್ಗಿನಿಂದ ವೈರು ಕಿತ್ತು, ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಮಗಳ ಕೈಗಿಟ್ಟ. ಮೊಹಸಿನ ಕೀಲಿ ಚಾಚಿದ.

ತಸ್ಲೀಮ ಬ್ಯಾಟರಿಯಿಂದ ವೈರು ಎಳೆದು ಪೆಟ್ಟಿಗೆಗೆ ಕೊಟ್ಟಳು. ಮತ್ತೊಂದು ವೈರಿನಿಂದ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಹೊಸ ಲಿನಕ್ಸೂ ಅಣ್ಣನ ದನಿಯ ಫೈಲುಗಳೂ ಪೆನ್‌ಡ್ರೈವಿನಲ್ಲಿ ಇವೆಯೇ ಎಂದು ನೋಡಿ, ಅದನ್ನು ಪೆಟ್ಟಿಗೆಗೆ ಚುಚ್ಚಿದಳು. ಹಳೆಯ ಬೂಟ್‌ಲೋಡರಿನ ನಕಲನ್ನೂ ತೆಗೆದಿಟ್ಟಳು. ಹೊಸದರ ಫೈಲಿನ ಹೆಸರು ಸರಿಯಿದೆಯೇ ಎಂದು ಅಕ್ಷರ ಅಕ್ಷರವಾಗಿ ಓದಿ, ಅಪ್ಪನ ಕಡೆ ತಿರುಗಿದಳು. ಅವನು ಡ್ರೈವರ್ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು, ಎರಡು ವೈರು ಕೂಡುವ ಜಾಗವನ್ನು ಬೆರಳುಗಳಲ್ಲಿ ಮೆತ್ತಗೆ ಹಿಡಿದಿದ್ದ. ಹರಿದ ಎಳೆಯನ್ನು ಕೂಡಿಸುವಾಗ ಹಿಡಿಯುತ್ತಿದ್ದ ಹಾಗೆಯೇ.

ಅವಳು ಹಳೆಯದನ್ನು ಅಳಿಸಿದಳು. ಹೊಸದನ್ನು ಬರೆಯಲು ಆಜ್ಞೆ ಕೊಟ್ಟಳು.

ಅದೇ ಹೊತ್ತಿಗೆ ಆಟೋ ಒಂದು ಕಡೆ ವಾಲಿತು. "ಗದಗ ಸ್ಟ್ಯಾಂಡಿಗೆ ಬಿಡಪಾ ಮೊಹಸಿನ, ಜಲ್ದಿ ಐತಿ," ಎನ್ನುತ್ತ ಓಣಿಯ ಫಕ್ರುಸಾಬ ಒಂದು ಕಾಲು ಒಳಗಿಟ್ಟಿದ್ದ. ಅವನ ಚೀಲ ವೈರಿಗೆ ತಗುಲಿತು.

"ಇಳೀರಿ ಕಾಕಾ! ಇಳೀರಿ!" ಮೊಹಸಿನ ಹಾರಿಬಂದು ಚೀಲವನ್ನು ಎತ್ತಿಹಿಡಿದ. ಇನ್ನೊಂದು ಕೈಯಿಂದ ಆಟೋ ಅಲುಗದಂತೆ ಕಂಬಿ ಅದುಮಿದ. "ನಮ್ಮ ಅಬ್ಬಾನ ಬಾಯಿ ಐತಿ ಇದರಾಗ!"

ಫಕ್ರುಸಾಬ ಕಕ್ಕಾಬಿಕ್ಕಿಯಾಗಿ ಕಾಲನ್ನು ಮೆಲ್ಲಗೆ ಹಿಂದೆಗೆದ. ಮೌಲಾಸಾಬನ ಬೆರಳುಗಳು ವೈರನ್ನು ಬಿಟ್ಟಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ 'ಬರೆದಾಯಿತು' ಎಂಬ ಸಾಲು ಮೂಡಿತು. ತಸ್ಲೀಮ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದಳು.

ನಾಲ್ಕು ಸಾಲು ಬಂದವು. ಅಲ್ಲಿಗೇ ನಿಂತವು. ಪೆಟ್ಟಿಗೆಯ ದೀಪ ಕೆಂಪಗೆ ಮಿಣುಕತೊಡಗಿತು.

"ಕೆಟ್ಟಿತು," ಎಂದ ಮೊಹಸಿನ.

ತಸ್ಲೀಮ ಪರದೆಯ ಕಡೆ ಬಾಗಿದಳು. ಸಾಲುಗಳನ್ನು ಓದಿದ ಮೇಲೆ ಅವಳ ಮುಖ ತಿಳಿಯಾಯಿತು. "ಕೆಟ್ಟಿಲ್ಲಣ್ಣಾ. ಎದ್ದು ಕುಂತೈತಿ. ಲಿನಕ್ಸ್ ಎಲ್ಲಿ ಮಲಗೈತಿ ಅನ್ನೂದಷ್ಟ ಗೊತ್ತಿಲ್ಲ ಅದಕ್ಕ. ಹಳೀ ಜಾಗಾದಾಗ ಹುಡುಕಾಕತ್ತೈತಿ." ಅವಳು ಹಳೆಯ ವಿಳಾಸ ಅಳಿಸಿ, ಲಿನಕ್ಸ್ ಇದ್ದ ಪೆನ್‌ಡ್ರೈವಿನ ವಿಳಾಸ ಬರೆದಳು. ಅದನ್ನು ಉಳಿಸಿ ಮತ್ತೆ ಹಚ್ಚಿದಳು. ಈ ಸಲ ಸಾಲುಗಳು ನಿಲ್ಲಲಿಲ್ಲ. ಪರದೆಯ ತುಂಬ ಬಿಳಿ ಅಕ್ಷರಗಳು ಒಂದರ ಬೆನ್ನಿಗೊಂದು ಓಡಿದವು. ದೀಪ ಹಸಿರಾಯಿತು.

ಫಕ್ರುಸಾಬ ಬೇರೆ ಆಟೋ ಹಿಡಿಯಲಿಲ್ಲ. ಜಲ್ದಿಯನ್ನೆಲ್ಲ ಮರೆತು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದ.

ಪೆಟ್ಟಿಗೆಯನ್ನು ಒಳಗೆ ತಂದು ಮಗ್ಗದ ಪಕ್ಕದ ಹಲಗೆಯ ಮೇಲೆ ಇಟ್ಟರು. ತಸ್ಲೀಮ ಕನ್ನಡದ ಅಕ್ಷರ ಅಂಟಿಸಿದ ಕೀಬೋರ್ಡನ್ನು ಅದಕ್ಕೆ ಚುಚ್ಚಿದಳು. ಎಲ್ಲರಿಗೂ ಚಹಾ ತಂದ ಸಾಬೀರಾ, ಗಂಡನ ಬಟ್ಟಲನ್ನು ಕೈಯಲ್ಲೇ ಹಿಡಿದು ದೂರ ನಿಂತಳು. ದಡಿ ಬಿಚ್ಚಿದ ದಿನದಿಂದ ಅವಳು ಅವನ ಎದುರು ಕೂಡುವುದನ್ನೇ ಬಿಟ್ಟಿದ್ದಳು.

ಮೌಲಾಸಾಬ ಬಹಳ ಹೊತ್ತು ಒಂದೇ ಬೆರಳಿನಿಂದ ಕುಟ್ಟಿದ. ಒಮ್ಮೆ ಅಳಿಸಿದ, ಮತ್ತೆ ಕುಟ್ಟಿದ. ಕೊನೆಗೆ ಮಗಳು ತೋರಿಸಿದ ದೊಡ್ಡ ಗುಂಡಿ ಒತ್ತಿದ.

ಪೆಟ್ಟಿಗೆಯಿಂದ ತಗಡು ಬಡಿದಂಥ, ಯಾರದೂ ಅಲ್ಲದ ದನಿ ಹೊರಟಿತು. "ಸಾಬೀರಾ. ದಡಿ ಭಾಳ ಚಂದ ಬಂದಿತ್ತು. ಯಾಕ ಬಿಚ್ಚಿದಿ?"

ಸಾಬೀರಾ ಮೊದಲು ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಗಂಡನನ್ನು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತ ಕೈ ಯಾಕ ಹಂಗ ಬೀಸಿದ್ರಿ?" ಎಂದು ಜೋರು ಮಾಡಿದಳು. "ಚಂದ ಆಗೈತಿ ಅನ್ನೂ ಮನಿಷಾ ಹಂಗ ಕೈ ಬೀಸ್ತಾನೇನ್ರಿ? ಅಷ್ಟೂ ದಡಿ ಹಾಳ ಮಾಡ್ಸಿದ್ರಲ್ಲ!"

ಕಟ್ಟೆಯ ಮೇಲಿದ್ದ ಫಕ್ರುಸಾಬ ಗಟ್ಟಿಯಾಗಿ ನಕ್ಕ. ಮೊಹಸಿನ ಮುಖ ತಿರುಗಿಸಿಕೊಂಡು, ಅವನನ್ನು ಕರೆದುಕೊಂಡು ಆಟೋದ ಕಡೆ ನಡೆದ. ತಸ್ಲೀಮ ವೈರು ಸುತ್ತುತ್ತ ಕುಳಿತಳು.

ಮೌಲಾಸಾಬ ಕೈ ಮೇಲೆತ್ತಿ, ತಡೆ ಎಂಬಂತೆ ಹೆಂಡತಿಗೆ ಸನ್ನೆ ಮಾಡಿದ. ಕೀಬೋರ್ಡಿನ ಮೇಲೆ ಬಾಗಿ ಮುಂದಿನ ಅಕ್ಷರ ಹುಡುಕತೊಡಗಿದ. ಸಾಬೀರಾ ಹತ್ತಿರ ಬಂದು ಅವನ ಎದುರಿಗೆ ಕುಳಿತಳು. ಅವಳ ಕೈಯಲ್ಲಿದ್ದ ಚಹಾದ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು.