ಕ್ವಾರಿ ಗುಂಡಿಯ ನೀರು

ಹಾನುಬಾಳಿನ ಆಚೆ ಕಲ್ಲು ಕ್ವಾರಿ ನಡೆಸುತ್ತಿದ್ದ ಕಂಪನಿ, ತಾನು ತೋಡಿದ ಗುಂಡಿಯನ್ನು ತಾನೇ ಮುಚ್ಚಿ ಅಲ್ಲಿ ಕಾಡು ಬೆಳೆಸಿಕೊಡುತ್ತದಂತೆ ಎಂಬ ಸುದ್ದಿ ಬಂದಾಗ ಊರಿನವರು ಮೊದಲು ಹೋಗಿದ್ದು ಬೊನಿಫಾಸರ ಮನೆಗೆ. ಕ್ವಾರಿ ನಿಲ್ಲಿಸಲು ಎಲ್ಲರಿಗಿಂತ ಹೆಚ್ಚು ಓಡಾಡಿದವರು ಅವರೇ. ಸಿಡಿಮದ್ದಿನ ಹೊಡೆತಕ್ಕೆ ಅವರ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತ್ತು. ಕಾಫಿ ತೋಟದ ಮೇಲ್ಗಡೆ ಅಜ್ಜನ ಕಾಲದಿಂದ ಹರಿಯುತ್ತಿದ್ದ ಒರತೆ ಒಂದು ಬೇಸಿಗೆಯಲ್ಲಿ ಬತ್ತಿದ್ದು ಮತ್ತೆ ಬರಲೇ ಇಲ್ಲ. ಪಕ್ಕದ ಗದ್ದೆಯ ತಿಮ್ಮಯ್ಯನ ಜೊತೆ ಸೇರಿ ಅವರು ಲಾರಿಗಳಿಗೆ ಅಡ್ಡ ನಿಂತಿದ್ದರು, ಕೋರ್ಟಿಗೆ ಅಲೆದಿದ್ದರು. ಕಡೆಗೆ ಕ್ವಾರಿ ನಿಂತಿತ್ತು.

“ಗೆದ್ಬುಟ್ರಿ ಕಣ್ರೀ ಬೊನಿಫಾಸಣ್ಣ!” ಎಂದು ತಿಮ್ಮಯ್ಯ ಅವರ ಕೈ ಹಿಡಿದು ಕುಲುಕಿದ.

ಬೊನಿಫಾಸ್ ನಕ್ಕರು. ಎಲ್ಲರೂ ಹೋದ ಮೇಲೆ ಮಾತ್ರ ಮನಸ್ಸಿಗೆ ಏನೋ ಕಸಿವಿಸಿ. ಕ್ವಾರಿ ನಿಂತ ಮೇಲೆ ಆ ಗುಂಡಿಯಲ್ಲಿ ಮಳೆನೀರು ತುಂಬಿ ಕೆರೆಯಂತಾಗಿತ್ತು. ಹೋದ ಬೇಸಿಗೆ ಕಾಫಿ ಹೂವರಳಲು ಬೇಕಾದ ಹೂಮಳೆ ಕೈಕೊಟ್ಟಾಗ ಅವರು ಆ ನೀರಿಗೆ ಪಂಪು ಇಳಿಸಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ್ದರು. ಸುತ್ತಮುತ್ತಲ ತೋಟಗಳಲ್ಲಿ ಮೊಗ್ಗು ಕರಟಿಹೋದರೂ ಅವರ ರೋಬಸ್ಟಾ ಕಾಫಿ ಬೆಳ್ಳಗೆ ಅರಳಿತ್ತು. ಒರತೆಯನ್ನು ಕೊಂದ ಗುಂಡಿಯೇ ತೋಟವನ್ನು ಉಳಿಸಿತ್ತು. ಇದನ್ನು ಯಾರಿಗೆ ಹೇಗೆ ಹೇಳುವುದೆಂದು ಅವರಿಗೆ ತಿಳಿಯಲಿಲ್ಲ.

ಆ ವಾರವೇ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದಿಂದ ಹೇಮಶ್ರೀ ಎಂಬ ಹುಡುಗಿ ಬಂದಿದ್ದಳು. ಗುಂಡಿಗೆ ಮಣ್ಣು ತುಂಬಿ, ಮೇಲೆ ನೇರಳೆ, ಹಲಸು, ನಂದಿ ಗಿಡ ನೆಡುತ್ತೇವೆ ಎಂದಳು. “ನಮ್ಮಿಂದ ಆದ ತಪ್ಪನ್ನ ನಾವೇ ಸರಿ ಮಾಡ್ಬೇಕಲ್ವಾ?” ಎಂದು ಕೇಳಿದಾಗ ಅವಳ ದನಿಯಲ್ಲಿ ನಾಟಕವಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಊರಿನ ಪರವಾಗಿ ಎರಡು ಮಾತಾಡಿ ಎಂದು ತಿಮ್ಮಯ್ಯ ಬೊನಿಫಾಸರನ್ನು ಎಬ್ಬಿಸಿ ನಿಲ್ಲಿಸಿದ.

ಅವರು ಎದ್ದಿದ್ದು ವಂದನೆ ಹೇಳಲಿಕ್ಕೇ. ಬಾಯಿಂದ ಬಂದಿದ್ದು ಬೇರೆ. “ಗುಂಡಿ ಮುಚ್ಚೋದು ಬ್ಯಾಡ.”

ಚಪ್ಪಾಳೆಗೆ ಎತ್ತಿದ್ದ ಕೈಗಳು ಕೆಳಗಿಳಿದವು.

“ಏನಂದ್ರಿ?” ತಿಮ್ಮಯ್ಯ ತಿರುಗಿ ನಿಂತ. “ಆನೆ ಹಿಂಡು ನೀರಿಗೆ ಅಂತ ಅಲ್ಲಿಗೇ ಬರ್ತಾವೆ. ಬಂದವು ನನ್ನ ಗದ್ದೆ ತುಳ್ಕೊಂಡೇ ಹೋಗ್ತಾವೆ. ನಿಮ್ ಕಾಫಿಗೆ ನೀರು ಬೇಕು, ಅದಕ್ಕೆ ನಾನು ಬಾಯಿ ಬಡ್ಕೋಬೇಕಾ?”

ಅವನ ಮಾತು ನಿಜವಾಗಿತ್ತು. ಬೊನಿಫಾಸ್ ಕೂತುಬಿಟ್ಟರು. ಹಿಂದಿನಿಂದ ಯಾರೋ “ಕಂಪನಿಯೋರು ಬುಟ್ಟಿಗೆ ಹಾಕ್ಕೊಂಡವ್ರೆ” ಅಂದಿದ್ದು ಕಿವಿಗೆ ಬಿತ್ತು. ಆದರೆ ಕಂಪನಿಗೆ ಬೇಕಾಗಿದ್ದು ಗುಂಡಿ ಮುಚ್ಚುವುದು. ಹಾಗಾದರೆ ತಾನು ಕಂಪನಿಯ ವಿರುದ್ಧವೋ ಪರವೋ ಎಂಬುದು ಅವರಿಗೇ ಗೊಂದಲವಾಯಿತು.

ಮನೆಯಲ್ಲಿ ಹೆಂಡತಿ ಎಸ್ತರ್ ಅಡುಗೆಮನೆಯ ಗೋಡೆಗೆ ಬೆರಳು ತೋರಿಸಿದಳು. “ಇದನ್ನ ಒಡೆದೋರು ತಾವಾಗೇ ಬಂದು ಸರಿ ಮಾಡ್ತೀವಿ ಅಂದ್ರೆ, ಬೇಡ ಅನ್ನೋರು ಎಲ್ಲಾದ್ರೂ ಇದ್ದಾರೇನ್ರೀ?”

“ಗುಂಡಿ ಮುಚ್ಚಿದ್ರೆ ಒರತೆ ವಾಪಸ್ ಬರುತ್ತಾ ಎಸ್ತರ್?”

“ಅದೆಲ್ಲಿ ಬರುತ್ತೆ?”

“ಮತ್ತೆ ಅವರು ಸರಿ ಮಾಡ್ತಿರೋದು ಏನನ್ನ?”

ಎಸ್ತರ್ ಒಲೆಯಿಂದ ಪಾತ್ರೆ ಇಳಿಸಿದಳು. ಆಮೇಲೆ, “ನೀವು ಯಾರ ಕಡೆ ಅಂತ ಮೊದ್ಲು ನೀವು ತಿಳ್ಕೊಳ್ಳಿ” ಎಂದು ತಟ್ಟೆಗೆ ಗಂಜಿ ಬಡಿಸಿದಳು.

ಮಣ್ಣಿನ ಲಾರಿಗಳು ಬರತೊಡಗಿದ ದಿನ ಬೊನಿಫಾಸ್ ಮೆಣಸಿನ ಬಳ್ಳಿ ನೋಡಲೆಂದು ಹೊರಟಿದ್ದರು. ಕಾಲು ಅವರನ್ನು ಕ್ವಾರಿ ರಸ್ತೆಗೆ ತಂದಿತ್ತು. ಬೆಳಿಗ್ಗೆಯ ಲಾರಿಗಳು ಆಗಲೇ ಗುಂಡಿಯ ಒಂದು ಅಂಚಿಗೆ ಮಣ್ಣು ಸುರಿದು ಹೋಗಿದ್ದವು. ಮುಂದಿನ ಲಾರಿ ತಿರುವಿನಲ್ಲಿ ಕಾಣಿಸಿಕೊಂಡಾಗ ಅವರು ರಸ್ತೆಯ ನಡುವೆ ನಿಂತಿದ್ದರು. ನಿಲ್ಲಬೇಕೆಂದು ಯಾವಾಗ ಅಂದುಕೊಂಡೆನೆಂದು ಅವರಿಗೇ ನೆನಪಾಗಲಿಲ್ಲ.

ಡ್ರೈವರ್ ಯೋಗೇಶ್ ತಲೆ ಹೊರಗೆ ಹಾಕಿದ. ಕ್ವಾರಿ ನಡೆಯುತ್ತಿದ್ದಾಗಲೂ ಅವನೇ ಡ್ರೈವರ್. “ಅಣ್ಣ, ಅವತ್ತು ಕಲ್ಲು ತಗೊಂಡೋಗ್ಬೇಡ ಅಂತ ಅಡ್ಡ ನಿಂತ್ರಿ. ಇವತ್ತು ಮಣ್ಣು ತರಬೇಡ ಅಂತೀರಿ. ನಾನು ಲಾರಿ ಎತ್ತ ತಿರುಗಿಸ್ಲಿ ಹೇಳ್ರೀ ಮಾರಾಯ್ರೆ!”

ಬೊನಿಫಾಸರಿಗೆ ನಗು ಬಂತು. ಹಿಂದೆಯೇ ನಾಚಿಕೆಯೂ ಆಯಿತು. ಅಷ್ಟರಲ್ಲಿ ತಿಮ್ಮಯ್ಯ ಗದ್ದೆಯಿಂದ ಏದುಸಿರು ಬಿಡುತ್ತಾ ಬಂದು, “ದಾರಿ ಬುಡಿ, ಒಳ್ಳೇ ಮಾತಲ್ಲಿ ಹೇಳ್ತಿದೀನಿ” ಎಂದ. ಅವನ ಹಿಂದೆಯೇ ಕಂಪನಿಯ ಜೀಪು ಬಂದು ನಿಂತು, ಹೇಮಶ್ರೀ ಇಳಿದಳು.

ಬೊನಿಫಾಸ್ ಲಾರಿಯತ್ತ ನೋಡಿದರು. ಮಣ್ಣಿನ ನಡುವೆ ಹಸಿ ಬೇರುಗಳಿದ್ದವು, ಬುಡಸಮೇತ ಕಿತ್ತ ಒಂದು ಕಾಫಿ ಗಿಡವೂ ಇತ್ತು. ಎಲೆ ಇನ್ನೂ ಬಾಡಿರಲಿಲ್ಲ. “ಈ ಮಣ್ಣು ಎಲ್ಲೀದು ಯೋಗೇಶ?”

“ಯಸಳೂರ ಕಡೆ ನಮ್ ಕಂಪನಿಯೋರೇ ಹೊಸದಾಗಿ ಒಂದು ಗುಡ್ಡ ಕೀಳ್ತಾವ್ರಲ್ಲ, ಅಲ್ಲೀದು. ಅಲ್ಲೂ ಜನ ಅಡ್ಡ ನಿಂತವ್ರೆ ಅಣ್ಣ, ದಿನಾ ಗಲಾಟೆ.”

ತಿಮ್ಮಯ್ಯ ಲಾರಿಯ ಹತ್ತಿರ ಬಂದು ಆ ಕಾಫಿ ಗಿಡ ನೋಡಿದ. ಆಮೇಲೆ ಮೆಲ್ಲಗೆ, “ಅವರ ಗುಡ್ಡ ತಂದು ನಮ್ ಗುಂಡಿ ತುಂಬ್ಸೋದಾ?” ಎಂದು ಹೇಮಶ್ರೀಯನ್ನು ಕೇಳಿದ.

ಅವಳ ಮುಖ ಬಿಳುಚಿಕೊಂಡಿತ್ತು. “ಈ ಕ್ವಾರಿಯಿಂದ ಹಿಂದೆ ತೆಗೆದ ಮಣ್ಣೇ ಅಂತ ನನಗೆ ಹೇಳಿದ್ರು, ಅಂಕಲ್. ನಿಜವಾಗ್ಲೂ.” ಫೋನು ಹಿಡಿದು ಸಿಗ್ನಲ್ ಹುಡುಕುತ್ತಾ ದಿಬ್ಬ ಹತ್ತಿ, ಯಾರೊಂದಿಗೋ ಜೋರಾಗಿ ವಾದ ಮಾಡಿದಳು. ಕೆಳಗೆ ಬಂದು ಯೋಗೇಶನಿಗೆ ವಾಪಸ್ ಹೋಗು ಎಂದಳು. “ಎಲ್ಲಿಗೆ ಮೇಡಂ?” ಎಂದು ಅವನು ಕೇಳಿದ.

ಕೆಲಸ ಅಲ್ಲಿಗೇ ನಿಂತಿತು. ಸುರಿದಿದ್ದ ಮಣ್ಣು ಮಳೆಗಾಲದಲ್ಲಿ ಕೂತು ಇಳಿಜಾರಾಯಿತು. ಆನೆಗಳು ಮರಿಗಳೊಡನೆ ಅದರ ಮೇಲೇ ನೀರಿಗೆ ಇಳಿಯತೊಡಗಿದವು. ಆನೆಗಳಿಗೆ ನೀರಾಗುತ್ತದೆ, ಗುಂಡಿಯನ್ನು ಹೀಗೇ ಬಿಡಿ ಎಂದರು ಅರಣ್ಯ ಇಲಾಖೆಯವರು. ಕಂಪನಿ ತಿಮ್ಮಯ್ಯನ ಗದ್ದೆಗೆ ಸೋಲಾರ್ ಬೇಲಿ ಹಾಕಿಸಿಕೊಟ್ಟಿತು. ಬೇಲಿ ಕಂಡ ಆನೆಗಳು ದಾರಿ ಬದಲಿಸಿ ಬೊನಿಫಾಸರ ತೋಟಕ್ಕೆ ನುಗ್ಗಿದವು. ಮುರಿದ ಗಿಡಗಳ ನಡುವೆ ನಿಂತು ಅವರು ಬಯ್ಯಲೆಂದು ಬಾಯಿ ತೆಗೆದರು. ಯಾರನ್ನು ಬಯ್ಯುವುದೆಂದು ಗೊತ್ತಾಗದೆ ಮುಚ್ಚಿದರು.

ಮಳೆ ಕಳೆದ ಮೇಲೆ ಹೇಮಶ್ರೀ ಬೊನಿಫಾಸರ ಮನೆಗೆ ಬಂದಳು. ಎಸ್ತರ್ ಕೊಟ್ಟ ಕಾಫಿಯನ್ನು ಕುಡಿಯದೆ ಕೈಯಲ್ಲೇ ಹಿಡಿದು, “ಅಂಕಲ್, ನಾವು ಮಾಡಿದ್ದು ಸರಿಯಾಯ್ತಾ?” ಎಂದು ಕೇಳಿದಳು. ತಿಮ್ಮಯ್ಯನೂ ಜಗಲಿಯಲ್ಲಿ ಕೂತಿದ್ದ.

“ನಂಗೊತ್ತಿಲ್ಲ ಮಗಳೇ,” ಅಂದರು ಬೊನಿಫಾಸ್. “ನೀರು ಐತೆ, ಆನೆನೂ ಐತೆ. ಒರತೆ ಇಲ್ಲ. ಆ ಯಸಳೂರ ಗುಡ್ಡ ಏನಾಯ್ತು?”

“ಅಲ್ಲಿ ಕೆಲಸ ನಡೀತಾ ಇದೆ. ಮಣ್ಣು ಈಗ ಬೇರೆ ಕಡೆ ಹೋಗ್ತಿದೆ,” ಎಂದು ಅವಳು ತಲೆ ತಗ್ಗಿಸಿದಳು.

ಮಾರನೆಯ ದಿನ ಬೊನಿಫಾಸ್ ಮತ್ತು ತಿಮ್ಮಯ್ಯ ಸಕಲೇಶಪುರಕ್ಕೆ ಹೋಗಿ ಯಸಳೂರು ಬಸ್ಸು ಹತ್ತಿದರು.

“ಅಲ್ಲಿಗೋಗಿ ಆ ಜನಕ್ಕೆ ಏನ್ ಹೇಳೋದು ಬೊನಿಫಾಸಣ್ಣ? ಅಡ್ಡ ನಿಲ್ಲಿ ಅನ್ನೋದಾ, ಬ್ಯಾಡ ಅನ್ನೋದಾ?”

“ಮೊದ್ಲು ಅವ್ರು ಹೇಳೋದು ಕೇಳಾಣ ಮಾರಾಯ,” ಎಂದು ಬೊನಿಫಾಸ್ ಕಿಟಕಿಯ ಕಡೆ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.